ಹಾರುವ ಬಿಲ್ಲೆಗೆ ಮೊದಲ ಗುರಿ: ಸ್ಪೋರ್ಟಿಂಗ್, ಡಿಟಿಎಲ್, ಸ್ಕೀಟ್‌ಗಳಲ್ಲಿ ಹೊಸಬರಿಗೆ ಯಾವುದು?

ಇಂಗ್ಲೆಂಡಿನಲ್ಲಿ ಕ್ಲೇ ಶೂಟಿಂಗನ್ನು, ಅಂದರೆ ಯಂತ್ರ ಎಸೆಯುವ ಚಿಕ್ಕ ಬಿಲ್ಲೆಗಳನ್ನು ಶಾಟ್‌ಗನ್ನಿನಿಂದ ಒಡೆಯುವ ಆಟವನ್ನು, ಮೊದಲ ಬಾರಿಗೆ ಪ್ರಯತ್ನಿಸಲು ಹೊರಟವರು ಇಂಗ್ಲಿಷ್ ಸ್ಕೀಟ್‌ನಿಂದಲೇ ಆರಂಭಿಸುವುದು ಒಳ್ಳೆಯದು. ಈ ಮಾತನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಸಹೋದ್ಯೋಗಿಗಳ ಜೊತೆ ಸೇರಿ ಕೊಂಡ ಸ್ಪೋರ್ಟಿಂಗ್ ಪ್ಯಾಕೇಜು, ಆಮೇಲೆ ಒಂದು ಕ್ಲಬ್ಬಿನ ಡಿಟಿಎಲ್ (ಡೌನ್ ದ ಲೈನ್) ಸಂಜೆ, ಎಲ್ಲಕ್ಕೂ ಕೊನೆಗೆ ಸ್ಕೀಟ್ ಪಾಠ, ಹೀಗೆ ಈ ಆಟದ ಮೂರು ಬಗೆಗಳನ್ನೂ ಸ್ವಂತ ಹಣ ಹಾಕಿಯೇ ನೋಡಿದ್ದೇನೆ. ಮೊದಲ ಎರಡರಲ್ಲಿ ಯಾರಿಗೂ ಹೊಳೆಯದೆ ಉಳಿದ ಒಂದು ತೊಡಕು ಮೂರನೆಯದರಲ್ಲಿ ಅರ್ಧ ಗಂಟೆಯೊಳಗೆ ಬಯಲಾಯಿತು ಎಂಬುದೇ ಈ ಹೋಲಿಕೆ ಬರೆಯಲು ಕಾರಣ.

ಊರಿನಿಂದ ಬಂದವರು ಮೊದಲು ಕೇಳುವುದು ಲೈಸೆನ್ಸಿನ ವಿಷಯವನ್ನು. ಇಲ್ಲಿ ಸ್ವಂತಕ್ಕೆ ಶಾಟ್‌ಗನ್ ಇಟ್ಟುಕೊಳ್ಳಬೇಕಾದರೆ ಪೊಲೀಸರು ಕೊಡುವ, ಐದು ವರ್ಷ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಬೇಕು. ಆದರೆ 1968ರ ಬಂದೂಕು ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ, ಪೊಲೀಸ್ ಮುಖ್ಯಾಧಿಕಾರಿ ಒಪ್ಪಿದ ಸ್ಥಳ ಮತ್ತು ಸಮಯದಲ್ಲಿ ಕೃತಕ ಗುರಿಗಳಿಗೆ ಗುಂಡು ಹಾರಿಸಲು ಆ ಪ್ರಮಾಣಪತ್ರದ ಅಗತ್ಯವಿಲ್ಲ. ಅದೇ ಕಾಯ್ದೆಯ 21ನೆಯ ಸೆಕ್ಷನ್ ನನಗೆ ಅನ್ವಯಿಸುವುದಿಲ್ಲ, ಅಂದರೆ ಬಂದೂಕು ಮುಟ್ಟದಂತೆ ನಿರ್ಬಂಧ ತರುವಷ್ಟು ಜೈಲುಶಿಕ್ಷೆ ನನಗೆ ಆಗಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಮಾಡಬೇಕು. ಮೂರು ಕಡೆಯೂ ಇದೇ ಕಾಗದವಾದ್ದರಿಂದ ಈ ವಿಷಯದಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ.

ಸ್ಪೋರ್ಟಿಂಗ್ ಎಂಬುದು ಕಾಡಿನಂಚಿನಲ್ಲೋ ಹೊಲದ ಬದುವಿನಲ್ಲೋ ಅಲ್ಲಲ್ಲಿ ಕಟ್ಟಿದ ಕಟಕಟೆಗಳ ನಡುವೆ ನಡೆದುಕೊಂಡು ಆಡುವ ಆಟ. ಒಂದು ಕಡೆ ಬಿಲ್ಲೆ ನೆತ್ತಿಯ ಮೇಲಿಂದ ಹಾದುಬರುತ್ತದೆ, ಇನ್ನೊಂದು ಕಡೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, ಮತ್ತೊಂದು ಕಡೆ ನೆಲದ ಮೇಲೆ ಪುಟಿಯುತ್ತ ಉರುಳುತ್ತದೆ. ಈ ಉರುಳುವ ಬಿಲ್ಲೆಗೆ ಮೊಲವೆಂದೇ ಹೆಸರು. ಸಾಮಾನ್ಯ ಬಿಲ್ಲೆಯ ಅಡ್ಡಳತೆ ಸುಮಾರು 110 ಮಿಲಿಮೀಟರ್ ಆದರೆ ಸ್ಪೋರ್ಟಿಂಗ್‌ನಲ್ಲಿ 90 ಮತ್ತು 60 ಮಿಲಿಮೀಟರಿನವೂ ನುಸುಳುತ್ತವೆ, ಮತ್ತು ಕೊನೆಯದು ಕಣ್ಣಿಗೆ ಬೀಳುವುದರೊಳಗೆ ಮರೆಯಾಗಿರುತ್ತದೆ. ಮೂರರಲ್ಲಿ ಹೆಚ್ಚು ಮಜಾ ಕೊಡುವುದು ಇದೇ ಎಂಬುದರಲ್ಲಿ ಸಂದೇಹವಿಲ್ಲ, ಹುಟ್ಟುಹಬ್ಬಕ್ಕೂ ಕಚೇರಿಯ ಪ್ರವಾಸಕ್ಕೂ ಮಾರುವ ಪ್ಯಾಕೇಜುಗಳು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿರುವುದಕ್ಕೆ ಕಾರಣವೂ ಅದೇ.

ಆದರೆ ಕಲಿಯಲು ಬಂದವನಿಗೆ ಅದರ ಆ ವೈವಿಧ್ಯವೇ ಅಡ್ಡಿ. ನಾವು ಹೋದ ಮೈದಾನದಲ್ಲಿ ಒಂದು ಗುಂಪಿಗೆ ಒಬ್ಬರೇ ತರಬೇತುದಾರರಿದ್ದರು. ಪ್ರತಿಯೊಬ್ಬರೂ ಒಂದು ಕಟಕಟೆಯಲ್ಲಿ ಕೆಲವು ಗುಂಡು ಹಾರಿಸಿ ಕೋವಿಯನ್ನು ಪಕ್ಕದವರಿಗೆ ದಾಟಿಸಬೇಕಿತ್ತು, ಎಲ್ಲರ ಸರದಿ ಮುಗಿದ ಮೇಲೆ ಮುಂದಿನ ಕಟಕಟೆಗೆ ನಡೆಯಬೇಕಿತ್ತು. ಬಿಲ್ಲೆ ಎಡದಿಂದ ಬಲಕ್ಕೆ ಹೋಗುವಲ್ಲಿ ನಾನು ಹಾರಿಸಿದ್ದೆಲ್ಲ ವ್ಯರ್ಥವಾಯಿತು, ಬಲದಿಂದ ಎಡಕ್ಕೆ ಹೋಗುವಲ್ಲಿ ಒಂದರ ಹಿಂದೆ ಒಂದು ಪುಡಿಯಾದವು. ಮೊದಲನೆಯ ಕಡೆ ತರಬೇತುದಾರರು 'ಹಿಂದೆ ಬಿತ್ತು, ಇನ್ನಷ್ಟು ಮುಂದಕ್ಕೆ ಹಾರಿಸಿ' ಎಂದರು, ಎರಡನೆಯ ಕಡೆ ಬೆನ್ನು ತಟ್ಟಿದರು. ಎರಡಕ್ಕೂ ಸಂಬಂಧವಿದೆಯೆಂದು ಅವರಿಗೆ ತೋಚಲಿಲ್ಲ. ಸರದಿಯಲ್ಲಿ ಅಷ್ಟು ಜನ ಕಾಯುತ್ತಿರುವಾಗ ತೋಚುವಂತೆಯೂ ಇರಲಿಲ್ಲ. ಪ್ಯಾಕೇಜಿನ ತೋಟಾಗಳು ಮುಗಿದವು, ಒಂದು ಪ್ರಶಸ್ತಿಪತ್ರ ಸಿಕ್ಕಿತು.

ಡಿಟಿಎಲ್ ಅಂದರೆ ಡೌನ್ ದ ಲೈನ್, ಎದುರಿನಿಂದ ಎದ್ದು ದೂರ ಹೋಗುವ ಬಿಲ್ಲೆಗೆ ಹಾರಿಸುವ ಟ್ರ್ಯಾಪ್ ಕುಟುಂಬದ ಆಟ. ಟ್ರ್ಯಾಪ್ ಎಂದೊಡನೆ ನಮ್ಮವರಿಗೆ ನೆನಪಾಗುವುದು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಗೆದ್ದ ಬೆಳ್ಳಿ ಪದಕ. ಅದು ಎರಡು ಬಿಲ್ಲೆಗಳನ್ನು ಒಟ್ಟಿಗೆ ಹಾರಿಸುವ ಡಬಲ್ ಟ್ರ್ಯಾಪ್. 2016ರ ರಿಯೊ ಕೂಟದ ಬಳಿಕ ಒಲಿಂಪಿಕ್ಸ್‌ನಿಂದ ಅದನ್ನು ಕೈಬಿಟ್ಟರು. ಅವರು 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇಲ್ಲೇ ಸರ್ರಿ ಕೌಂಟಿಯ ಬಿಸ್ಲಿಯಲ್ಲಿ, ಏಕೆಂದರೆ ಆ ಕೂಟದ ಶೂಟಿಂಗ್ ಸ್ಪರ್ಧೆಗಳು ಅಲ್ಲಿ ನಡೆದವು. ಅವರ ಹೆಸರಿನ ಹುರುಪಿನಲ್ಲಿ ಟ್ರ್ಯಾಪ್ ಕಡೆ ಹೊರಟವರಿಗೆ ಡಿಟಿಎಲ್ ಬಹಳ ಸೌಮ್ಯವಾಗಿ ಕಾಣುತ್ತದೆ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಕಂದಕದೊಳಗೆ ಹದಿನೈದು ಯಂತ್ರಗಳಿದ್ದು ಬಿಲ್ಲೆ ಸುಮಾರು 76 ಮೀಟರ್ ದೂರಕ್ಕೆ ಹಾರುವಂತೆ ಹೊಂದಿಸಿರುತ್ತಾರೆ. ಡಿಟಿಎಲ್‌ನಲ್ಲಿ ಹದಿನಾರು ಗಜ ಮುಂದೆ ಒಂದೇ ಯಂತ್ರವಿದ್ದು ಅದು ಬಿಲ್ಲೆಯನ್ನು ಐವತ್ತು ಗಜದ ಆಸುಪಾಸಿಗೆ, ಎಡಬಲಕ್ಕೆ ಹೆಚ್ಚು ಓರೆಯಾಗದಂತೆ, ನಮ್ಮಿಂದ ದೂರಕ್ಕೆ ಎಸೆಯುತ್ತದೆ.

ಇದರಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ. ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆ ಊರಿ, ಎಲ್ಲ ಸರಿಯಿದೆಯೆಂದು ಖಚಿತವಾದ ಮೇಲೆಯೇ 'ಪುಲ್' ಎಂದು ಕೂಗಿ ಬಿಲ್ಲೆ ಕೇಳಬಹುದು, ಆದ್ದರಿಂದ ಹೆಗಲಿಗೇರಿಸುವ ಗಡಿಬಿಡಿ ಇರುವುದಿಲ್ಲ. ಮೊದಲ ಗುಂಡಿಗೆ ಬಿಲ್ಲೆ ಒಡೆದರೆ ಮೂರು ಅಂಕ, ಎರಡನೆಯದಕ್ಕೆ ಒಡೆದರೆ ಎರಡು, ಹೀಗಾಗಿ ತಪ್ಪಿದರೂ ಇನ್ನೊಂದು ಅವಕಾಶ ಉಳಿದಿರುತ್ತದೆ. ಆದರೆ ಆ ಎರಡನೆಯ ಗುಂಡಿಗೂ ತೋಟಾ ಬೇಕಲ್ಲ! ಇಪ್ಪತ್ತೈದು ಬಿಲ್ಲೆಗಳ ಒಂದು ಸುತ್ತಿಗೆ ಅನುಭವಿಗಳು ಇಪ್ಪತ್ತೈದಕ್ಕಿಂತ ತುಸು ಹೆಚ್ಚು ತೋಟಾ ಸುಟ್ಟರೆ ಹೊಸಬರು ಐವತ್ತರ ಹತ್ತಿರ ಸುಡುತ್ತಾರೆ, ಮತ್ತು ಈ ಲೆಕ್ಕವನ್ನು ಸುತ್ತು ಮುಗಿಯುವ ಮುನ್ನ ಯಾರೂ ಹೇಳುವುದಿಲ್ಲ.

ಡಿಟಿಎಲ್‌ನ ನಿಜವಾದ ಕಷ್ಟ ಅದರ ಲಯದಲ್ಲಿದೆ. ಐವರು ಸಾಲಾಗಿ ನಿಂತು ಒಬ್ಬರ ನಂತರ ಒಬ್ಬರು ಒಂದೊಂದು ಬಿಲ್ಲೆಗೆ ಹಾರಿಸಬೇಕು, ಐದೈದು ಆದ ಮೇಲೆ ಜಾಗ ಬದಲಿಸಬೇಕು. ಅಭ್ಯಾಸವಾದವರು ಮಾತಿಲ್ಲದೆ ಒಂದೇ ಹದದಲ್ಲಿ ಸಾಗುತ್ತಾರೆ. ನಡುವೆ ನಿಂತ ಹೊಸಬ ತಡೆದು ಪ್ರಶ್ನೆ ಕೇಳಿದರೆ ಉಳಿದ ನಾಲ್ವರ ಏಕಾಗ್ರತೆ ಕೆಡುತ್ತದೆ. ಬಿಲ್ಲೆ ಬಿಡುವುದು ಮೈಕಿನ ಮೂಲಕ, ನಮ್ಮ ದನಿಗೆ ಯಂತ್ರ ತಾನೇ ಓಗೊಡುತ್ತದೆ. ಹಾಗಾಗಿ ಅಲ್ಲಿ ಕೆಮ್ಮಲೂ ಹೆದರಿ ನಿಂತಿದ್ದೆ. ಎಡಕ್ಕೆ ಓರೆಯಾಗಿ ಹೋದ ಬಿಲ್ಲೆಗಳಲ್ಲಿ ಕೆಲವು ಒಡೆದವು, ನೇರ ಹೋದವು ಮತ್ತು ಬಲಕ್ಕೆ ಹೋದವು ಒಡೆಯಲಿಲ್ಲ. ಮುಂದಿನ ಬಿಲ್ಲೆ ಯಾವ ಕಡೆ ಹೋಗುತ್ತದೆಂದು ಮೊದಲೇ ತಿಳಿಯದ ಆಟದಲ್ಲಿ ಇಂಥ ಕ್ರಮ ಕಣ್ಣಿಗೆ ಕಟ್ಟುವುದಿಲ್ಲ, ಎಲ್ಲವೂ ಅದೃಷ್ಟದ ಹಾಗೆ ತೋರುತ್ತದೆ.

ಇನ್ನು ಸ್ಕೀಟ್. ಅರ್ಧವೃತ್ತದ ಎರಡು ತುದಿಗಳಲ್ಲಿ ಎರಡು ಗೂಡುಗಳು: ಎಡಗಡೆಯ ಎತ್ತರದ ಗೂಡಿನಿಂದ ಬಿಲ್ಲೆ ನೆಲದಿಂದ ಸುಮಾರು ಮೂರು ಮೀಟರ್ ಎತ್ತರದಲ್ಲಿ ಹೊರಟು ಬಲಕ್ಕೆ ಹೋಗುತ್ತದೆ, ಬಲಗಡೆಯ ತಗ್ಗಿನ ಗೂಡಿನಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಹೊರಟು ಎಡಕ್ಕೆ ಬರುತ್ತದೆ. ಅರ್ಧವೃತ್ತದ ಉದ್ದಕ್ಕೂ ಇರುವ ಏಳು ತಾಣಗಳಲ್ಲಿ ನಿಂತು ಇಪ್ಪತ್ನಾಲ್ಕು ಬಿಲ್ಲೆಗಳಿಗೆ ಹಾರಿಸಬೇಕು. ಮೊದಲು ಯಾವುದು ತಪ್ಪುತ್ತದೋ ಅದನ್ನೇ ಮತ್ತೊಮ್ಮೆ ಹಾರಿಸುತ್ತಾರೆ, ಅದು ಇಪ್ಪತ್ತೈದನೆಯದು. ಈ ಆಟ ಹುಟ್ಟಿದ್ದು 1920ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಂಡೊವರ್ ಎಂಬಲ್ಲಿ. ಮೊದಲು ಪೂರ್ಣ ವೃತ್ತದ ಸುತ್ತ ನಿಂತು ಹಾರಿಸುತ್ತಿದ್ದರಂತೆ, ಪಕ್ಕದ ಜಾಗದಲ್ಲಿ ಕೋಳಿ ಸಾಕಣೆ ಶುರುವಾದಾಗ ಆ ಕಡೆಗೆ ಗುಂಡು ಹಾರದಿರಲೆಂದು ಅರ್ಧಕ್ಕೆ ಇಳಿಸಿದರಂತೆ. ಒಲಿಂಪಿಕ್ ಸ್ಕೀಟ್‌ನಲ್ಲಿ ಕೋವಿಯ ಬುಡ ಸೊಂಟದ ಮಟ್ಟದಲ್ಲಿರಬೇಕು, ಕೂಗಿದ ಮೇಲೆ ಬಿಲ್ಲೆ ಮೂರು ಸೆಕೆಂಡುಗಳವರೆಗೆ ತಡವಾಗಿಯೂ ಬರಬಹುದು; ಇಂಗ್ಲಿಷ್ ಸ್ಕೀಟ್‌ನಲ್ಲಿ ಕೋವಿಯನ್ನು ಮೊದಲೇ ಹೆಗಲಿಗೇರಿಸಿ ನಿಲ್ಲಬಹುದು. ಹೊಸಬರಿಗೆ ಈ ಸಡಿಲಿಕೆ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದು ಗೂಡಿನ ಬಿಲ್ಲೆ ಪ್ರತಿ ಸಲವೂ ಒಂದೇ ದಾರಿಯಲ್ಲಿ ಹೋಗುತ್ತದೆ. ಬಿಡುವ ಗುಂಡಿ ತರಬೇತುದಾರರ ಕೈಯಲ್ಲಿರುತ್ತದೆ, ಬೇಕೆಂದರೆ ಅದೇ ಬಿಲ್ಲೆಯನ್ನು ಹತ್ತು ಸಲ ಬಿಡುತ್ತಾರೆ.

ಹೊಸಬರನ್ನು ಸಾಮಾನ್ಯವಾಗಿ ಏಳನೆಯ ತಾಣದಲ್ಲಿ ನಿಲ್ಲಿಸಿ ತಗ್ಗಿನ ಗೂಡಿನ ಬಿಲ್ಲೆ ಕೊಡುತ್ತಾರೆ. ಅದು ನಮ್ಮ ಪಕ್ಕದಿಂದಲೇ ಹೊರಟು ಹೆಚ್ಚುಕಡಿಮೆ ನೇರವಾಗಿ ದೂರ ಸರಿಯುವುದರಿಂದ ಇಡೀ ಮೈದಾನದಲ್ಲಿ ಅತ್ಯಂತ ಸುಲಭದ ಗುರಿ. ನನಗೆ ಅದು ಒಂದೂ ಒಡೆಯಲಿಲ್ಲ. ತರಬೇತುದಾರರು ನನ್ನನ್ನು ನಡುವಿನ ನಾಲ್ಕನೆಯ ತಾಣಕ್ಕೆ ಕರೆದೊಯ್ದು ಎರಡೂ ಗೂಡುಗಳಿಂದ ಬಿಲ್ಲೆ ಬಿಟ್ಟರು. ಎತ್ತರದ ಗೂಡಿನದು ಒಂದೂ ಒಡೆಯಲಿಲ್ಲ. ತಗ್ಗಿನ ಗೂಡಿನದಕ್ಕೆ ಮುಂದೆ ಹಾರಿಸಬೇಕೆಂಬ ಪಾಠವಿನ್ನೂ ಆಗದಿದ್ದರೂ ನೇರವಾಗಿ ಬಿಲ್ಲೆಗೇ ಹಾರಿಸಿದಾಗ ಸಲೀಸಾಗಿ ಪುಡಿಯಾಯಿತು. ಅತ್ಯಂತ ಸುಲಭದ್ದು ತಪ್ಪುತ್ತದೆ, ಕಷ್ಟದ ಎರಡರಲ್ಲಿ ಒಂದು ಮಾತ್ರ ಒಡೆಯುತ್ತದೆ ಎಂಬುದನ್ನು ಕಂಡು ಅವರು ಕೋವಿ ಕೆಳಗಿಡಲು ಹೇಳಿದರು. ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ಹೆಬ್ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ದೂರದ ಕಂಬವನ್ನು ನೋಡುತ್ತ ಕೈಗಳನ್ನು ಮುಖದ ಹತ್ತಿರಕ್ಕೆ ತರಲು ಹೇಳಿದರು. ಕಿಂಡಿ ಬಂದು ನಿಂತದ್ದು ನನ್ನ ಎಡಗಣ್ಣಿನ ಮುಂದೆ.

ನಾನು ಬಲಗೈಯವನು, ಕೋವಿ ಹಿಡಿಯುವುದು ಬಲ ಹೆಗಲಿಗೆ, ಆದರೆ ಮೇಲುಗೈ ಪಡೆದ ಕಣ್ಣು, ಅಂದರೆ ಎರಡೂ ತೆರೆದಿರುವಾಗ ಗುರಿ ಹಿಡಿಯುವ ಕಣ್ಣು, ಎಡಗಡೆಯದು. ಇದು ಅಪರೂಪವೇನಲ್ಲ, ಆದರೆ ಶಾಟ್‌ಗನ್ ಹಿಡಿಯುವವರೆಗೆ ಗೊತ್ತಾಗುವ ಸಂದರ್ಭವೂ ಬರುವುದಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಬೋರಲು ಮಲಗಿ, ಎಡಗಣ್ಣು ಮುಚ್ಚಿ, ಉಸಿರು ಹಿಡಿದು ಪಾಯಿಂಟ್ ಟೂಟೂ ರೈಫಲ್ ಹಾರಿಸಿದ್ದು ನೆನಪಿದೆ. ಗುರಿಯೂ ಚೆನ್ನಾಗಿಯೇ ಬಿದ್ದಿತ್ತು, ಒಂದು ಕಣ್ಣು ಮುಚ್ಚಿಯೇ ಇದ್ದುದರಿಂದ ಈ ಜಗಳ ಅಲ್ಲಿ ಏಳುವ ಪ್ರಶ್ನೆಯೇ ಇರಲಿಲ್ಲ. ನಿಂತ ಗುರಿಗೆ ಆ ಕ್ರಮ ಸಾಕು. ಕೊಡಗಿನ ಕೈಲ್‌ಪೋದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೂ ಕಾಯಿ ಓಡಿಹೋಗುವ ಭಯವಿಲ್ಲ. ಹಾರುವ ಬಿಲ್ಲೆಯ ವಿಷಯ ಬೇರೆ: ಎರಡೂ ಕಣ್ಣು ತೆರೆದು ಬಿಲ್ಲೆಯನ್ನೇ ನೋಡುತ್ತಿರಬೇಕು, ನಳಿಗೆ ಕೆಳಗೆಲ್ಲೋ ಮಸುಕಾಗಿ ಕಾಣುತ್ತಿರಬೇಕು ಎಂಬುದೇ ಇಲ್ಲಿನ ಮೊದಲ ಪಾಠ.

ಮನೆಗೆ ಬಂದು ಲೆಕ್ಕ ಹಾಕಿದಾಗ ಎಲ್ಲವೂ ಹೊಂದಿಕೆಯಾಯಿತು. ಎರಡು ಕಣ್ಣುಗಳ ನಡುವಿನ ಅಂತರ ಆರು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು, ಕಣ್ಣಿನಿಂದ ನಳಿಗೆಯ ತುದಿಯ ಮಣಿಯವರೆಗೆ ಸುಮಾರು ಒಂದು ಮೀಟರ್. ಬಲ ಹೆಗಲಿನ ಕೋವಿಯ ಮಣಿಯನ್ನು ಎಡಗಣ್ಣಿನಿಂದ ನೋಡಿ ಬಿಲ್ಲೆಗೆ ಹೊಂದಿಸಿದರೆ, ಇಪ್ಪತ್ತು ಮೀಟರ್ ದೂರದಲ್ಲಿ ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಒಂದು ಮೀಟರಿಗಿಂತ ಹೆಚ್ಚು ಎಡಕ್ಕೆ ಬೀಳುತ್ತವೆ. ಆ ದೂರದಲ್ಲಿ ಸ್ಕೀಟ್ ನಳಿಗೆಯ ಚರೆಗಳು ಹರಡುವ ಅಗಲ ಸುಮಾರು ಮುಕ್ಕಾಲು ಮೀಟರ್ ಮಾತ್ರ. 28 ಗ್ರಾಮಿನ ತೋಟಾದಲ್ಲಿ ಒಂಬತ್ತನೆಯ ನಂಬರಿನ ಚರೆ ಐನೂರಕ್ಕೂ ಹೆಚ್ಚಿದ್ದರೂ ಅಷ್ಟೂ ಬಿಲ್ಲೆಯ ಎಡಬದಿಯ ಬಯಲಿಗೆ ಹೋಗುತ್ತವೆ. ನೇರ ಹೋಗುವ ಬಿಲ್ಲೆ ಆದ್ದರಿಂದಲೇ ತಪ್ಪುತ್ತದೆ, ಬಲಕ್ಕೆ ಹೋಗುವುದು ಇನ್ನೂ ಹೆಚ್ಚು ತಪ್ಪುತ್ತದೆ. ಎಡಕ್ಕೆ ಹೋಗುವ ಬಿಲ್ಲೆಗೆ ಮಾತ್ರ ತಮಾಷೆ ನಡೆಯುತ್ತದೆ: ನಾಲ್ಕನೆಯ ತಾಣದಲ್ಲಿ ಬಿಲ್ಲೆಯ ಮುಂದೆ ಮೂರೂವರೆ ನಾಲ್ಕು ಅಡಿ ಬಿಟ್ಟು ಹಾರಿಸಬೇಕು, ಅಂದರೆ ಒಂದು ಮೀಟರಿಗೆ ತುಸು ಹೆಚ್ಚು, ಮತ್ತು ನನ್ನ ಎಡಗಣ್ಣು ಆ ಅಂತರವನ್ನು ತಾನೇ ಸೇರಿಸಿಬಿಡುತ್ತಿತ್ತು. ಸ್ಪೋರ್ಟಿಂಗ್ ಕಟಕಟೆಯಲ್ಲಿ ಬೆನ್ನು ತಟ್ಟಿಸಿಕೊಂಡದ್ದು ಈ ಕಣ್ಣಿನ ಪುಣ್ಯದಿಂದ.

ಪರಿಹಾರಗಳು ಮೂರಿವೆ, ಮತ್ತು ಇವು ಮೂರು ಆಟಗಳಲ್ಲಿ ಒಂದೇ ಬಗೆಯಾಗಿ ಕೆಲಸ ಮಾಡುವುದಿಲ್ಲ. ಎಡ ಹೆಗಲಿಗೆ ಬದಲಾಯಿಸಿಕೊಳ್ಳುವುದು ಎಲ್ಲಕ್ಕಿಂತ ಶಾಶ್ವತವಾದದ್ದೆಂದು ಅನೇಕ ತರಬೇತುದಾರರು ಹೇಳುತ್ತಾರೆ. ನನಗೆ ಎಡ ಹೆಗಲಿನಲ್ಲಿ ಕೋವಿ ಪರರ ವಸ್ತುವಿನಂತೆ ಅನ್ನಿಸಿತು, ಮುಂದುವರಿಸಲಿಲ್ಲ. ಎಡಗಣ್ಣು ಮುಚ್ಚುವುದು ಡಿಟಿಎಲ್‌ನಲ್ಲಿ ನಡೆಯುತ್ತದೆ, ಏಕೆಂದರೆ ಬಿಲ್ಲೆ ಎದುರಿನಿಂದಲೇ ಎದ್ದು ದೂರ ಹೋಗುತ್ತದೆ. ಸ್ಪೋರ್ಟಿಂಗ್‌ನಲ್ಲಿ ಅದು ನಡೆಯುವುದಿಲ್ಲ: ಬಿಲ್ಲೆ ಬೆನ್ನ ಹಿಂದಿನಿಂದಲೋ ಮರದ ಮರೆಯಿಂದಲೋ ಬರುವಾಗ ಅದರ ವೇಗ, ದೂರಗಳನ್ನು ಅಳೆಯಲು ಎರಡೂ ಕಣ್ಣು ಬೇಕಾಗುತ್ತದೆ. ಮೂರನೆಯದು, ಕನ್ನಡಕದ ಎಡ ಗಾಜಿನ ಮೇಲೆ, ಮಣಿ ಕಾಣುವ ಜಾಗಕ್ಕೆ ಸರಿಯಾಗಿ, ಅಂಟುಪಟ್ಟಿಯ ಒಂದು ಚಿಕ್ಕ ತುಂಡು ಹಚ್ಚುವುದು. ಆಗ ಎಡಗಣ್ಣು ಸುತ್ತಲಿನ ಬಯಲನ್ನೆಲ್ಲ ನೋಡುತ್ತದೆ, ನಳಿಗೆಯ ತುದಿಯೊಂದನ್ನು ಬಿಟ್ಟು. ಬಿಲ್ಲೆ ಎಲ್ಲಿಂದ ಬರುತ್ತದೆ, ಎಲ್ಲಿ ಒಡೆಯಬೇಕು ಎಂಬುದು ಮೊದಲೇ ತಿಳಿದಿರುವ ಸ್ಕೀಟ್‌ನಲ್ಲಿ ಈ ಪಟ್ಟಿಯನ್ನು ಕರಾರುವಾಕ್ಕಾಗಿ ಹಚ್ಚಬಹುದು. ಅದನ್ನು ಹಚ್ಚಿಕೊಂಡು ಏಳನೆಯ ತಾಣಕ್ಕೆ ಮರಳಿದಾಗ ಆ ಸುಲಭದ ಬಿಲ್ಲೆ ಒಡೆಯತೊಡಗಿತು. ಜೊತೆಗೇ ತಗ್ಗಿನ ಗೂಡಿನ ಅಡ್ಡ ಬಿಲ್ಲೆ ತಪ್ಪತೊಡಗಿತು, ಅದಕ್ಕೆ ಮುಂದೆ ಹಾರಿಸುವುದನ್ನು ಎಲ್ಲರಂತೆ ಮೊದಲಿನಿಂದ ಕಲಿಯಬೇಕಾಯಿತು.

ಉಳಿದ ಅಂಶಗಳನ್ನು ಚುಟುಕಾಗಿ ಹೇಳಬಹುದು. ಒದೆತದ ಬಗ್ಗೆ: ಕೃಶಕಾಯರಿಗೆಂದು ಸಣ್ಣ ನಳಿಗೆಯ, ಹಗುರವಾದ 20 ಬೋರಿನ ಕೋವಿ ಕೊಡುವ ವಾಡಿಕೆಯಿದೆ, ಆದರೆ ಹಗುರ ಕೋವಿ ಹೆಚ್ಚು ಒದೆಯುತ್ತದೆ; ಭಾರದ 12 ಬೋರಿನಲ್ಲಿ 21 ಅಥವಾ 24 ಗ್ರಾಮಿನ ತೋಟಾ ಕೇಳುವುದು ಮೇಲು. ಗಾಳಿಯ ದಿನ ಡಿಟಿಎಲ್‌ನ ಬಿಲ್ಲೆ ಎದುರುಗಾಳಿಗೆ ಏಳುತ್ತದೆ, ಹಿಂಗಾಳಿಗೆ ಕುಸಿಯುತ್ತದೆ. ಸ್ಕೀಟ್‌ನಲ್ಲಿ ಹತ್ತಿರದಿಂದಲೇ ಹಾರಿಸುವುದರಿಂದ ಅಷ್ಟು ತೊಂದರೆಯಿಲ್ಲ. ಮಳೆಗಾಲದ ಮಲೆನಾಡಿನವರಿಗೂ ಸ್ಪೋರ್ಟಿಂಗ್ ಮೈದಾನದ ಕೆಸರು ಬೇಸರ ತರುತ್ತದೆ, ಗಮ್‌ಬೂಟು ಬೇಕು. ಕಿವಿಗೆ, ಕಣ್ಣಿಗೆ ರಕ್ಷಣೆ ಮೂರು ಕಡೆಯೂ ಕೊಟ್ಟರು. ಊಟ ಒಂದು ಕಡೆಯೂ ಹೇಳಿಕೊಳ್ಳುವಂತಿರಲಿಲ್ಲ.

ಹಣದ ಮಾತು. ಸ್ಪೋರ್ಟಿಂಗ್ ಪ್ಯಾಕೇಜಿಗೆ ನಾನು ಸುಮಾರು 80 ಪೌಂಡ್ ಕೊಟ್ಟೆ, ನನ್ನ ಪಾಲಿಗೆ ಮೂವತ್ತು ತೋಟಾ ಬಂದವು. ಸ್ಕೀಟ್‌ನ ಒಂದು ಗಂಟೆಯ ಖಾಸಗಿ ಪಾಠಕ್ಕೆ 95 ಪೌಂಡ್, ಐವತ್ತು ತೋಟಾ, ಕೋವಿ ಬಾಡಿಗೆ ಸೇರಿ. ಕ್ಲಬ್ಬಿನ ಡಿಟಿಎಲ್ ಸಂಜೆಗೆ ಮೇಲ್ನೋಟಕ್ಕೆ ಮೂವತ್ತು ಪೌಂಡಿನೊಳಗೇ ಇತ್ತು, ಎರಡನೆಯ ಪೆಟ್ಟಿಗೆ ತೋಟಾ ಕೊಂಡ ಮೇಲೆ ನಲವತ್ತರ ಹತ್ತಿರ ಬಂತು. ಬರೀ ಮೊತ್ತ ನೋಡಿದರೆ ಡಿಟಿಎಲ್ ಅಗ್ಗ. ಆದರೆ ಒಂದು ತಪ್ಪಿಗೆ ಕಾರಣ ಹುಡುಕುವ ಖರ್ಚನ್ನು ಲೆಕ್ಕಕ್ಕೆ ಹಿಡಿದರೆ 95 ಪೌಂಡಿನ ಪಾಠವೇ ನನಗೆ ಅಗ್ಗವಾಗಿ ಬಿತ್ತು.

ನನ್ನ ಅಭ್ಯಾಸವೂ ಈ ಆಯ್ಕೆಯಲ್ಲಿ ಸೇರಿದೆ ಎಂದು ಒಪ್ಪುತ್ತೇನೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಎಲ್ಲಿ ಹದ ತಪ್ಪಿತೆಂದು ನೋಡುವುದು ನನಗೆ ಬೇಸರ ತರುವುದಿಲ್ಲ. ಅದೇ ಬಿಲ್ಲೆ ಅದೇ ದಾರಿಯಲ್ಲಿ ಬರುವುದು ನೀರಸವೆನ್ನುವವರು ಸ್ಕೀಟ್‌ನಲ್ಲಿ ಬಹುಕಾಲ ನಿಲ್ಲಲಾರರು. ಗೆಳೆಯರ ಗುಂಪು ಒಂದು ದಿನ ನಕ್ಕು ನಲಿದು ಬರಬೇಕೆಂದಿದ್ದರೆ ಸ್ಪೋರ್ಟಿಂಗ್ ಪ್ಯಾಕೇಜಿಗೆ ಹೋಗಲಿ, ಹಣ ವ್ಯರ್ಥವಾಗುವುದಿಲ್ಲ. ಕಣ್ಣಿನ ವಿಷಯ ಖಚಿತವಾಗಿದ್ದು, ಸಾಲಿನಲ್ಲಿ ನಿಂತು ಅಂಕ ಗಳಿಸುವ ಶಿಸ್ತು ಇಷ್ಟಪಡುವವರಿಗೆ ಡಿಟಿಎಲ್ ಹಿಡಿಸಬಹುದು. ತಿಂಗಳಿಗೊಮ್ಮೆ ಹೋಗಿ ಬಾಡಿಗೆ ಕೋವಿಯಲ್ಲಿ ಎರಡು ಸುತ್ತು ಹಾರಿಸಿ ಬರುವಷ್ಟೇ ಬಜೆಟ್ ಇರುವ ನನ್ನಂಥವರಿಗೆ ಸ್ಕೀಟ್ ಸಾಕು. ಸ್ವಂತ ಕೋವಿ, ಪ್ರಮಾಣಪತ್ರ, ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಇವು ಬಾಡಿಗೆ ಮನೆಯವನ ಯೋಚನೆಗೆ ಸದ್ಯಕ್ಕೆ ಬರುವಂಥವಲ್ಲ.

ಪಾಠ ಕಾದಿರಿಸಲು ಫೋನ್ ಮಾಡಿದಾಗ ಕೆಲವು ಸಂಗತಿಗಳನ್ನು ಕೇಳಿಕೊಳ್ಳಿ: ತರಬೇತುದಾರರು ನಿಮ್ಮೊಬ್ಬರಿಗೇ ಇರುತ್ತಾರೆಯೇ, ಮೊದಲ ಗುಂಡಿಗೆ ಮುನ್ನ ಕಣ್ಣಿನ ಪರೀಕ್ಷೆ ಮಾಡುತ್ತಾರೆಯೇ, ಹೇಳಿದ ಬೆಲೆಯಲ್ಲಿ ಎಷ್ಟು ತೋಟಾ ಸೇರಿವೆ. ಇಂಗ್ಲೆಂಡಿನಲ್ಲಿ ಈ ಕ್ರೀಡೆಯನ್ನು ನೋಡಿಕೊಳ್ಳುವ ಕ್ಲೇ ಪಿಜನ್ ಶೂಟಿಂಗ್ ಅಸೋಸಿಯೇಷನ್ ತರಬೇತುದಾರರಿಗೆ ಅರ್ಹತೆ ಕೊಡುತ್ತದೆ, ಅದು ಅವರಿಗಿದೆಯೇ ಎಂದೂ ವಿಚಾರಿಸಿ. ಕನ್ನಡಕ ಹಾಕುವವರು ತಮ್ಮದನ್ನೇ ತರಲಿ. ಮೈದಾನದವರು ಕೊಡುವ ಪ್ಲಾಸ್ಟಿಕ್ ಕನ್ನಡಕ ಮೂಗಿನ ಮೇಲೆ ಜಾರುತ್ತಲೇ ಇರುತ್ತದೆ, ಅದಕ್ಕೆ ಹಚ್ಚಿದ ಪಟ್ಟಿಯೂ ಜಾರುತ್ತದೆ.